ನಾಯಕರ ಆರೋಗ್ಯ, ರೋಗಿಯ ಗೋಪ್ಯತೆ, ಜನರ ತಿಳಿಯುವ ಹಕ್ಕು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಖ್ಯಮಂತ್ರಿಯೋ ಮಂತ್ರಿಯೋ ಆಸ್ಪತ್ರೆ ಸೇರಿದ ಸುದ್ದಿ ಬಂದರೆ ಸಾಕು, ಎರಡು ಮಾತು ಒಟ್ಟಿಗೇ ಏಳುತ್ತವೆ. ಓಟು ಹಾಕಿದವರು ನಾವು, ಏನಾಗಿದೆ ಅಂತ ನಮಗೆ ಹೇಳಲೇಬೇಕು ಎಂದು ಕೆಲವರು. ಹಾಸಿಗೆ ಹಿಡಿದವರನ್ನಾದರೂ ಬಿಟ್ಟುಬಿಡಿ ಎಂದು ಇನ್ನು ಕೆಲವರು. ಎರಡರಲ್ಲೂ ನ್ಯಾಯವಿದೆ. ಆದರೆ ಎರಡೂ ಕಡೆಯವರು ಸಾಮಾನ್ಯವಾಗಿ ಬೇರೆ ಬೇರೆ ಸಂಗತಿಗಳ ಬಗ್ಗೆ ಮಾತಾಡುತ್ತಿರುತ್ತಾರೆ. ಓದುಗರು ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿಗೆ ಕಾನೂನು ಏನು ಹೇಳುತ್ತದೆ, ನಡೆದದ್ದೇನು, ನನ್ನ ನಿಲುವೇನು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ರೋಗಿಯ ವಿಷಯ ಹೊರಗೆ ಹೇಳಬಾರದು ಎಂಬುದು ಕಾನೂನೋ, ಬರೀ ಸಂಪ್ರದಾಯವೋ?

ಎರಡೂ ಹೌದು. ಸಂಪ್ರದಾಯ ಹಿಪಾಕ್ರಟೀಸನ ಪ್ರತಿಜ್ಞೆಯಷ್ಟು ಹಳೆಯದು. ನಮ್ಮಲ್ಲಿ ಈಗ ಜಾರಿಯಲ್ಲಿರುವುದು ವೈದ್ಯರ ವೃತ್ತಿ ನಡತೆಯ ಬಗ್ಗೆ ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲಿ ಮಾಡಿದ ನಿಯಮಗಳು. 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ಹೊರಡಿಸಿ ಅದೇ ತಿಂಗಳು ತಡೆಹಿಡಿಯಿತು. ಹಾಗಾಗಿ ಹಳೆಯವೇ ನಡೆಯುತ್ತಿವೆ. ಚಿಕಿತ್ಸೆಯ ವೇಳೆ ತಿಳಿದ ಗುಟ್ಟನ್ನು ವೈದ್ಯರು ಬಯಲು ಮಾಡಿದರೆ ಅದು ದುರ್ನಡತೆ. ಇದಕ್ಕೆ ವಿನಾಯಿತಿ ಮೂರು: ನ್ಯಾಯಾಧೀಶರು ಆದೇಶಿಸಿದಾಗ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ ಇದ್ದಾಗ, ಸರ್ಕಾರಕ್ಕೆ ತಿಳಿಸಲೇಬೇಕಾದ ಸಾಂಕ್ರಾಮಿಕ ರೋಗವಾದಾಗ.

1998ರಲ್ಲಿ ‘ಮಿಸ್ಟರ್ ಎಕ್ಸ್’ ಎಂದು ಹೆಸರು ಮರೆಮಾಡಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಎರಡನೇ ವಿನಾಯಿತಿಯಂಥದ್ದನ್ನೇ ಹಿಡಿಯಿತು (ಆಗ 2002ರ ನಿಯಮಗಳು ಇನ್ನೂ ಬಂದಿರಲಿಲ್ಲ). ಎಚ್‌ಐವಿ ಸೋಂಕು ಇದ್ದವರೊಬ್ಬರ ಮದುವೆ ನಿಶ್ಚಯವಾಗಿತ್ತು. ಮದುವೆಯಾಗಲಿದ್ದ ಹೆಣ್ಣಿನ ಜೀವ ಉಳಿಸಲು ಗೋಪ್ಯತೆ ಮುರಿದದ್ದು ತಪ್ಪಲ್ಲ ಎಂದು ಹೇಳಿತು. ರಾಜಕಾರಣಿಗಳ ಮಾತು ಬಂದಾಗಲೆಲ್ಲ ಈ ತೀರ್ಪನ್ನು ಎಳೆದು ತರುವವರಿದ್ದಾರೆ. ಅಲ್ಲಿದ್ದದ್ದು ಗುರುತಿಸಬಹುದಾದ ಒಂದು ಜೀವಕ್ಕೆ ಬಂದ ಅಪಾಯ. ಮಂತ್ರಿಯ ಕಿಡ್ನಿ ಕೆಟ್ಟರೆ ನಿಮಗೂ ನನಗೂ ಅಂಥ ಅಪಾಯವಿಲ್ಲ.

ಜನರ ಓಟು ಪಡೆದು ಗದ್ದುಗೆ ಏರಿದವರಿಗೆ ಖಾಸಗಿತನ ಎಲ್ಲಿಂದ ಬಂತು?

ಎಲ್ಲರಿಗೂ ಎಲ್ಲಿಂದ ಬಂತೋ ಅಲ್ಲಿಂದಲೇ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಳಿವಯಸ್ಸಿನಲ್ಲಿ ಆಧಾರ್ ವಿರುದ್ಧ ಕೋರ್ಟ್ ಮೆಟ್ಟಿಲು ಹತ್ತಿದ ನಮ್ಮವರೊಬ್ಬರ ಹೆಸರಲ್ಲಿ ಈ ಹಕ್ಕು ಉಳಿದಿದೆ ಎಂಬುದು ನನಗೆ ಹೆಮ್ಮೆಯ ವಿಷಯ. ಆ ತೀರ್ಪಿನ ಪ್ರಕಾರ ಸರ್ಕಾರ ಈ ಹಕ್ಕನ್ನು ಮೊಟಕುಗೊಳಿಸಬೇಕಾದರೆ ಅದಕ್ಕೊಂದು ಕಾನೂನು ಬೇಕು, ನ್ಯಾಯವಾದ ಉದ್ದೇಶ ಬೇಕು, ಮೊಟಕು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು.

ಅದಕ್ಕೂ ಮೊದಲು, 1994ರ ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿತ್ತು. ಸಾರ್ವಜನಿಕ ಹುದ್ದೆಯಲ್ಲಿರುವವರು ತಮ್ಮ ಅಧಿಕೃತ ಕೆಲಸಕ್ಕೆ ಸಂಬಂಧಿಸಿದ ನಡೆನುಡಿಯ ಮಟ್ಟಿಗೆ ಖಾಸಗಿತನದ ಆಸರೆ ಪಡೆಯಲಾರರು. ಎರಡು ತೀರ್ಪುಗಳನ್ನೂ ಜೊತೆಗಿಟ್ಟು ಓದಿದರೆ ದಾರಿ ಸಾಕಷ್ಟು ಸ್ಪಷ್ಟವಾಗಿಯೇ ಕಾಣುತ್ತದೆ.

ಹಾಗಾದರೆ ನಮಗೆ ಯಾವುದನ್ನು ತಿಳಿಯುವ ಹಕ್ಕಿದೆ?

ರೋಗದ ಹೆಸರು, ಸ್ಕ್ಯಾನ್, ರಕ್ತದ ವರದಿ, ಎಷ್ಟು ದಿನ ಬದುಕಬಹುದು ಎಂಬ ಅಂದಾಜು, ಇವೆಲ್ಲ ರೋಗಿಗೆ ಸೇರಿದವು. ಕೆಲಸ ಮಾಡುವ ಸ್ಥಿತಿಯಲ್ಲಿ ಇದ್ದಾರೆಯೇ, ಇಲ್ಲದಿದ್ದರೆ ಅವರ ಅಧಿಕಾರ ಈಗ ಯಾರ ಕೈಯಲ್ಲಿದೆ, ಕಡತಕ್ಕೆ ಸಹಿ ಹಾಕುತ್ತಿರುವವರು ಯಾರು, ಯಾವ ಆದೇಶದ ಮೇಲೆ, ಇವು ನಮಗೆ ಸೇರಿದವು. ಇವನ್ನು ಹೇಳಬೇಕಾದವರು ವೈದ್ಯರಲ್ಲ. ನಾಯಕರೇ ಹೇಳಬೇಕು, ಅವರಿಗೆ ಆಗದಿದ್ದರೆ ಸರ್ಕಾರ ಹೇಳಬೇಕು. ಈ ಪುಟದಲ್ಲಿ ಮುಂದೆ ಬರುವುದೆಲ್ಲ ಈ ನಿಲುವಿನ ಮೇಲೇ ನಿಂತಿದೆ.

ಜಯಲಲಿತಾ ವಿಷಯದಲ್ಲಿ ಆದದ್ದಾದರೂ ಏನು?

ಈ ಪ್ರಶ್ನೆಗೆ ಉದ್ದ ಉತ್ತರ ಬೇಕು, ಯಾಕೆಂದರೆ ತಪ್ಪಬಹುದಾದ ಎಲ್ಲವೂ ಅಲ್ಲಿ ತಪ್ಪಿತು.

2016ರ ಸೆಪ್ಟೆಂಬರ್ 22ರ ರಾತ್ರಿ ತಮಿಳುನಾಡಿನ ಮುಖ್ಯಮಂತ್ರಿ ಚೆನ್ನೈನ ಅಪೋಲೊ ಆಸ್ಪತ್ರೆ ಸೇರಿದರು. ಜ್ವರ ಮತ್ತು ನಿರ್ಜಲೀಕರಣ ಎಂದು ಮೊದಲ ಪ್ರಕಟಣೆ ಹೇಳಿತು. ದಿನ ಕಳೆದಂತೆ ಬುಲೆಟಿನ್‌ಗಳಲ್ಲಿ ಸೋಂಕು ಬಂತು, ಉಸಿರಾಟದ ನೆರವು ಬಂತು, ಲಂಡನ್ನಿನಿಂದ ತಜ್ಞರು ಬಂದರು, ದೆಹಲಿಯ ಏಮ್ಸ್‌ನಿಂದ ತಂಡ ಬಂತು. ಜೊತೆಗೆ ‘ಚೇತರಿಸಿಕೊಳ್ಳುತ್ತಿದ್ದಾರೆ’ ಎಂಬ ಮಾತೂ ಸಾಗಿತು. ಡಿಸೆಂಬರ್ 4ರಂದು ಹೃದಯ ಸ್ತಂಭನ. 5ರ ರಾತ್ರಿ ಸಾವು. ಆ ಎಪ್ಪತ್ತೈದು ದಿನಗಳಲ್ಲಿ ಜನ ಅವರ ಒಂದೇ ಒಂದು ಫೋಟೊ ನೋಡಲಿಲ್ಲ.

ಫೋಟೊ ತೋರಿಸಬೇಕಿತ್ತು ಎಂದು ನಾನು ಹೇಳುವುದಿಲ್ಲ. ತನ್ನ ಮುಖವನ್ನು ಯಾವಾಗ, ಹೇಗೆ ತೋರಿಸಬೇಕು ಎಂಬುದನ್ನು ಜೀವಮಾನವಿಡೀ ತಾನೇ ತೀರ್ಮಾನಿಸಿದ್ದ ಹೆಣ್ಣಿಗೆ ಐಸಿಯು ಹಾಸಿಗೆಯಲ್ಲಿ ಆ ಹಕ್ಕು ಕಳೆದುಹೋಗುವುದಿಲ್ಲ. ನನ್ನ ತಕರಾರು ಬೇರೆಯದು.

ಆ ದಿನಗಳಲ್ಲೇ ಕಾವೇರಿ ಹೊತ್ತಿ ಉರಿಯುತ್ತಿತ್ತು. ಸೆಪ್ಟೆಂಬರ್ 29ರಂದು ಕೇಂದ್ರ ಜಲಸಂಪನ್ಮೂಲ ಸಚಿವೆ ಉಮಾ ಭಾರತಿ ದೆಹಲಿಯಲ್ಲಿ ಸಭೆ ಕರೆದರು. ನಮ್ಮ ಕಡೆಯಿಂದ ಮುಖ್ಯಮಂತ್ರಿ ಸಿದ್ದರಾಮಯ್ಯ ಹೋಗಿದ್ದರು. ಆ ಕಡೆಯಿಂದ ಸಚಿವ ಎಡಪ್ಪಾಡಿ ಪಳನಿಸ್ವಾಮಿ ಬಂದಿದ್ದರು, ಜಯಲಲಿತಾ ಅವರ ಭಾಷಣವನ್ನು ಮುಖ್ಯ ಕಾರ್ಯದರ್ಶಿ ಓದಿದರು. ಎರಡು ದಿನ ಮೊದಲು ಆಸ್ಪತ್ರೆಯಲ್ಲೇ ಸಭೆ ನಡೆಸಿ ಮುಖ್ಯಮಂತ್ರಿ ಆ ಭಾಷಣ ಬರೆಸಿದರು ಎಂದು ತಮಿಳುನಾಡು ಸರ್ಕಾರ ತಿಳಿಸಿತ್ತು. ಇದ್ದರೂ ಇರಬಹುದು. ಆದರೆ ಮಂಡ್ಯದ ರೈತನಿಗಾಗಲಿ ತಂಜಾವೂರಿನ ರೈತನಿಗಾಗಲಿ ಆ ಹೊತ್ತು ನೀರಿನ ಬಗ್ಗೆ ತೀರ್ಮಾನ ತೆಗೆದುಕೊಳ್ಳುತ್ತಿರುವವರು ಯಾರು ಎಂದು ಖಚಿತವಾಗಿ ತಿಳಿಯುವ ದಾರಿ ಇರಲಿಲ್ಲ. ಮೇಲುಕೋಟೆಯಲ್ಲಿ ಹುಟ್ಟಿದ ಆಕೆಯ ಆರೋಗ್ಯ ಕರ್ನಾಟಕದವರಿಗೂ ಸಂಬಂಧಪಟ್ಟ ವಿಷಯವಾದದ್ದು ಹೀಗೆ.

ಅಕ್ಟೋಬರ್ 11ರಂದು ರಾಜ್ಯಪಾಲರು ಮುಖ್ಯಮಂತ್ರಿಯ ಬಳಿ ಇದ್ದ ಖಾತೆಗಳನ್ನು ಓ. ಪನ್ನೀರ್‌ಸೆಲ್ವಂ ಅವರಿಗೆ ವಹಿಸಿದರು. ಮುಖ್ಯಮಂತ್ರಿಯ ಸಲಹೆಯಂತೆ ಹೀಗೆ ಮಾಡಲಾಗಿದೆ ಎಂದು ರಾಜಭವನದ ಪ್ರಕಟಣೆ ಹೇಳಿತು. ಸಲಹೆ ಕೊಡುವ ಸ್ಥಿತಿಯಲ್ಲಿ ಅವರಿದ್ದರೇ ಎಂಬ ಪ್ರಶ್ನೆ ಅಲ್ಲೇ ಎದ್ದಿತು, ಉತ್ತರ ಬರಲಿಲ್ಲ. ನವೆಂಬರಿನ ಉಪಚುನಾವಣೆಗೆ ಪಕ್ಷದ ಅಭ್ಯರ್ಥಿಗಳ ಪತ್ರಗಳಲ್ಲಿ ಅವರ ಸಹಿಯ ಬದಲು ಹೆಬ್ಬೆಟ್ಟಿನ ಗುರುತು ಬಿತ್ತು. 2019ರ ಮಾರ್ಚಿನಲ್ಲಿ ಮದ್ರಾಸ್ ಹೈಕೋರ್ಟ್ ಈ ಕಾರಣಕ್ಕೇ ತಿರುಪರನ್‌ಕುಂಡ್ರಂ ಕ್ಷೇತ್ರದ ಆಯ್ಕೆಯನ್ನು ರದ್ದು ಮಾಡಿತು. ಅಷ್ಟು ಹೊತ್ತಿಗೆ ಗೆದ್ದವರೂ ತೀರಿಕೊಂಡಿದ್ದರು.

ಸುದ್ದಿ ಇಲ್ಲದ ಜಾಗವನ್ನು ಗಾಳಿಸುದ್ದಿ ತುಂಬಿತು. ವದಂತಿ ಹಬ್ಬಿಸಿದರೆಂದು ಪೊಲೀಸರು ಜನರನ್ನು ಬಂಧಿಸಿದರು. 2017ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ. ಆರುಮುಗಸ್ವಾಮಿ ಅವರ ಆಯೋಗ ರಚನೆಯಾಯಿತು; ಕೆಲವೇ ತಿಂಗಳಲ್ಲಿ ಬರಬೇಕಿದ್ದ ವರದಿ ಬಂದದ್ದು 2022ರ ಆಗಸ್ಟಿನಲ್ಲಿ. ಸುಪ್ರೀಂ ಕೋರ್ಟ್ ಸೂಚನೆಯಂತೆ ಏಮ್ಸ್ ರಚಿಸಿದ ವೈದ್ಯರ ಮಂಡಳಿ, ಚಿಕಿತ್ಸೆ ಸರಿಯಾಗಿಯೇ ಇತ್ತು ಎಂದಿತು. ಆಯೋಗ ಹಲವು ಅನುಮಾನಗಳನ್ನು ಎತ್ತಿತು. ಓದುವವರು ತಮಗೆ ಬೇಕಾದದ್ದನ್ನು ನಂಬಿದರು. ಮೊದಲ ವಾರದಲ್ಲೇ ‘ಮುಖ್ಯಮಂತ್ರಿ ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ, ಇಂಥವರು ಹಂಗಾಮಿಯಾಗಿ ನೋಡಿಕೊಳ್ಳುತ್ತಾರೆ’ ಎಂದಿದ್ದರೆ ಆಕೆಯ ದೇಹದ ಒಂದು ಗುಟ್ಟೂ ಹೊರಬೀಳದೆ ಇದರಲ್ಲಿ ಬಹುಪಾಲು ತಪ್ಪುತ್ತಿತ್ತು. ಕೊನೆಗೆ ಆದದ್ದು ತದ್ವಿರುದ್ಧ. ಗೋಪ್ಯತೆ ಕಾಪಾಡುತ್ತೇವೆ ಎಂದು ಹೊರಟು, ಆಕೆಯ ಕೊನೆಯ ದಿನಗಳ ಊಟ, ಉಸಿರು, ಔಷಧಿ ಎಲ್ಲವೂ ವಿಚಾರಣೆಯಲ್ಲಿ ಬಯಲಾದವು.

ಆಸ್ಪತ್ರೆಯ ಬುಲೆಟಿನ್ ಅನ್ನು ನಂಬಬಹುದೇ?

ಅದು ರೋಗಿ ಅಥವಾ ಮನೆಯವರು ಒಪ್ಪಿದಷ್ಟನ್ನೇ ಹೇಳುವ ಕಾಗದ ಎಂಬುದನ್ನು ನೆನಪಿಟ್ಟು ಓದಬೇಕು. ಒಪ್ಪಿಗೆ ಇಲ್ಲದ್ದನ್ನು ವೈದ್ಯರು ಬರೆಯುವಂತಿಲ್ಲ. ಆದರೆ ಬರೆದದ್ದು ಸುಳ್ಳಾಗಿರಬಾರದು. ಹೇಳದೆ ಬಿಡುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವಿನ ಗೆರೆಯನ್ನು ವೈದ್ಯರು ಯಾರ ಒತ್ತಡಕ್ಕೂ ದಾಟಬಾರದು.

ದಾಟಿದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಅಧ್ಯಕ್ಷ ಮಿತರಾಂ ಅವರ ಪ್ರಕರಣಕ್ಕಿಂತ ಕಹಿಯಾದದ್ದು ಸಿಗಲಾರದು. 1981ರಲ್ಲಿ ಅಧಿಕಾರಕ್ಕೆ ಬರುವಾಗ ತಮ್ಮ ಆರೋಗ್ಯದ ವರದಿಯನ್ನು ನಿಯಮಿತವಾಗಿ ಪ್ರಕಟಿಸುವುದಾಗಿ ಅವರೇ ಮಾತು ಕೊಟ್ಟಿದ್ದರು. ಅದೇ ವರ್ಷ ನವೆಂಬರಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಯಿತು. ವರದಿಗಳು ಮಾತ್ರ ‘ಎಲ್ಲ ಸರಿಯಿದೆ’ ಎನ್ನುತ್ತಲೇ ಹೊರಬಂದವು, 1988ರಲ್ಲಿ ಮತ್ತೆ ಗೆದ್ದರು, ದೇಶಕ್ಕೆ ಕ್ಯಾನ್ಸರ್ ವಿಷಯ ತಿಳಿದದ್ದು 1992ರಲ್ಲಿ. ವರ್ಷಗಟ್ಟಲೆ ಆ ವರದಿಗಳಿಗೆ ಸಹಿ ಹಾಕಿದ ವೈದ್ಯರು, ರೋಗಿ ತೀರಿಕೊಂಡ ಕೆಲವೇ ದಿನಗಳಲ್ಲಿ, 1996ರ ಜನವರಿಯಲ್ಲಿ, ಎಲ್ಲವನ್ನೂ ಪುಸ್ತಕವಾಗಿ ಬರೆದರು. ಇದ್ದಾಗ ಜನರಿಗೆ ಸುಳ್ಳು, ಸತ್ತ ಮೇಲೆ ರೋಗಿಗೆ ದ್ರೋಹ. ಎರಡೂ ಕಡೆ ಸೋತ ವೈದ್ಯ ಅವರು. ಒಂದೂ ಅನಿವಾರ್ಯವಾಗಿರಲಿಲ್ಲ ಎಂದೇ ನನ್ನ ಅನಿಸಿಕೆ: ಮೊದಲ ವರದಿಗೇ ಸಹಿ ಹಾಕಲು ನಿರಾಕರಿಸಬಹುದಿತ್ತು.

ತಾವಾಗಿಯೇ ಹೇಳಿಕೊಂಡವರು ಯಾರೂ ಇಲ್ಲವೇ?

ಬೇಕಾದಷ್ಟು ಜನರಿದ್ದಾರೆ. ಜಯಲಲಿತಾ ಇನ್ನೂ ಅಪೋಲೊದಲ್ಲಿದ್ದ ದಿನಗಳಲ್ಲೇ, 2016ರ ನವೆಂಬರ್ 16ರಂದು, ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಟ್ವಿಟರಿನಲ್ಲಿ ತಾವೇ ಬರೆದರು: ಕಿಡ್ನಿ ವೈಫಲ್ಯದಿಂದ ಏಮ್ಸ್‌ನಲ್ಲಿದ್ದೇನೆ, ಡಯಾಲಿಸಿಸ್ ನಡೆಯುತ್ತಿದೆ, ಕಸಿಗಾಗಿ ಪರೀಕ್ಷೆಗಳಾಗುತ್ತಿವೆ. ಮುಂದಿನ ತಿಂಗಳು ಕಸಿ ಆಯಿತು. ಅವರ ಬಗ್ಗೆ ಗಾಳಿಸುದ್ದಿಗೆ ಜಾಗವೇ ಉಳಿಯಲಿಲ್ಲ. ಕಿಡ್ನಿ ಕೊಡುತ್ತೇವೆಂದು ಅಪರಿಚಿತರು ಮುಂದೆ ಬಂದರು.

2009ರ ಜನವರಿಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾಗುವ ಮುನ್ನವೇ ದೇಶಕ್ಕೆ ತಿಳಿದಿತ್ತು. ಅವರ ಬಳಿಯಿದ್ದ ಹಣಕಾಸು ಖಾತೆ ಪ್ರಣಬ್ ಮುಖರ್ಜಿಯವರಿಗೆ ಹೋಯಿತು, ಫೆಬ್ರವರಿಯ ಮಧ್ಯಂತರ ಬಜೆಟ್ಟನ್ನು ಅವರೇ ಮಂಡಿಸಿದರು. 2018ರಲ್ಲಿ ಅರುಣ್ ಜೇಟ್ಲಿ ಕಿಡ್ನಿ ಕಸಿ ಮಾಡಿಸಿಕೊಂಡಾಗಲೂ ಹಣಕಾಸು ಖಾತೆ ತಾತ್ಕಾಲಿಕವಾಗಿ ಪಿಯೂಷ್ ಗೋಯಲ್ ಅವರ ಪಾಲಾಯಿತು. ನಮ್ಮಲ್ಲಿ 2020ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ತಮಗೆ ಕೊರೊನಾ ಬಂದದ್ದನ್ನು ತಾವೇ ಟ್ವೀಟ್ ಮಾಡಿದರು. ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯನವರೂ ಅದೇ ಆಸ್ಪತ್ರೆ ಸೇರಿದರು, ಅವರೂ ಮುಚ್ಚಿಡಲಿಲ್ಲ. ಎಚ್.ಡಿ. ಕುಮಾರಸ್ವಾಮಿಯವರ ಹೃದಯದ ಚಿಕಿತ್ಸೆಯ ವಿಷಯ 2017ರಲ್ಲೂ 2024ರ ಲೋಕಸಭಾ ಚುನಾವಣೆಗೆ ಮೊದಲೂ ಎಲ್ಲರಿಗೂ ಗೊತ್ತಿತ್ತು, ಮಂಡ್ಯದವರು ಗೆಲ್ಲಿಸಿಯೇ ಕಳಿಸಿದರು. ಕಾಯಿಲೆ ಹೇಳಿಕೊಂಡರೆ ಜನ ಕೈಬಿಡುತ್ತಾರೆ ಎಂಬ ಭಯ ಪಕ್ಷಗಳ ಕಚೇರಿಯಲ್ಲಿ ಇರುವಷ್ಟು ಮತಗಟ್ಟೆಯಲ್ಲಿ ಇಲ್ಲ.

ಮನೋಹರ್ ಪರಿಕ್ಕರ್ ಮೂಗಿಗೆ ನಳಿಕೆ ಹಾಕಿಕೊಂಡೇ ಬಜೆಟ್ ಮಂಡಿಸಿದರು. ಅದು ಧೈರ್ಯವಲ್ಲವೇ?

ಧೈರ್ಯವೇ, ಅನುಮಾನವಿಲ್ಲ. 2019ರ ಜನವರಿ ಕೊನೆಯಲ್ಲಿ ಗೋವಾ ವಿಧಾನಸಭೆಯಲ್ಲಿ ಅವರನ್ನು ನೋಡಿದವರ ಕರುಳು ಚುರುಕ್ ಅಂದಿತು. ಆದರೆ 2018ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದ ಮುಖ್ಯಮಂತ್ರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಅವರ ಸರ್ಕಾರದ ಆರೋಗ್ಯ ಸಚಿವರು ಬಾಯಿ ಬಿಟ್ಟದ್ದು ಅಕ್ಟೋಬರ್ ಕೊನೆಗೆ. ಈ ನಡುವೆ ಮುಂಬೈ, ಅಮೆರಿಕ, ದೆಹಲಿ ಎಂದು ಚಿಕಿತ್ಸೆ ನಡೆದಿತ್ತು. ಅಮೆರಿಕಕ್ಕೆ ಹೊರಟಾಗ ಮೂವರು ಸಚಿವರ ಸಲಹಾ ಸಮಿತಿ ಮಾಡಿದರು, ಹಂಗಾಮಿ ಮುಖ್ಯಮಂತ್ರಿಯನ್ನು ಮಾಡಲಿಲ್ಲ. ಏಮ್ಸ್ ಹಾಸಿಗೆಯಿಂದಲೇ ಸಚಿವರನ್ನು ಕರೆಸಿ ಮಾತಾಡಿದರು. ಆರೋಗ್ಯದ ಸ್ಥಿತಿ ತಿಳಿಸಿ ಎಂದು ಹೈಕೋರ್ಟಿಗೆ ಅರ್ಜಿ ಹೋದಾಗ ಸರ್ಕಾರ ಖಾಸಗಿತನದ ಹಕ್ಕನ್ನು ಮುಂದಿಟ್ಟಿತು.

ಕ್ಯಾನ್ಸರ್ ಎಂಬ ಪದ ಅವರದ್ದಾಗಿಯೇ ಉಳಿಯಬಹುದಿತ್ತು. ಹಾಸಿಗೆಯಲ್ಲಿರುವ ಒಬ್ಬ ಮನುಷ್ಯನ ಮೇಲೆ ಒಂದು ರಾಜ್ಯದ ಭಾರ ಹೊರಿಸಿ, ಸಮ್ಮಿಶ್ರ ಸರ್ಕಾರ ಉರುಳೀತು ಎಂದು ಅವರನ್ನು ಬಿಡುಗಡೆ ಮಾಡದೆ ಉಳಿಸಿಕೊಂಡದ್ದು ನನಗೆ ಕ್ರೌರ್ಯವಾಗಿ ಕಂಡಿತು. ಅವರು 2019ರ ಮಾರ್ಚ್ 17ರಂದು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಗೋಪ್ಯತೆಯಿಂದ ಆಗ ಲಾಭವಾದದ್ದು ರೋಗಿಗೋ, ಅವರ ಸುತ್ತ ಇದ್ದವರಿಗೋ ಎಂದು ಕೇಳಿಕೊಳ್ಳಬೇಕು.

ಮುಖ್ಯಮಂತ್ರಿ ಪ್ರಜ್ಞೆ ತಪ್ಪಿದರೆ ಯಾರು ಅಧಿಕಾರ ನಡೆಸಬೇಕು ಎಂದು ಸಂವಿಧಾನದಲ್ಲಿ ಇಲ್ಲವೇ?

ರಾಷ್ಟ್ರಪತಿಗೆ ಇದೆ: ಅನಾರೋಗ್ಯದಿಂದ ಕೆಲಸ ಮಾಡಲಾಗದಿದ್ದರೆ ಉಪರಾಷ್ಟ್ರಪತಿ ನಡೆಸಬೇಕು ಎಂದು 65ನೇ ವಿಧಿ ಹೇಳುತ್ತದೆ. ಪ್ರಧಾನಿಗೂ ಮುಖ್ಯಮಂತ್ರಿಗೂ ಇಲ್ಲ. ಶಾಸಕ, ಸಂಸದರ ಅನರ್ಹತೆಯ ವಿಧಿಗಳಲ್ಲಿ ನ್ಯಾಯಾಲಯ ಅಸ್ವಸ್ಥಚಿತ್ತರೆಂದು ಘೋಷಿಸಿದವರ ಮಾತಿದೆ, ಅಷ್ಟೇ. ವೆಂಟಿಲೇಟರ್ ಮೇಲೆ ಇರುವವರ ಬಗ್ಗೆ ಒಂದು ಸಾಲೂ ಇಲ್ಲ.

ಅಮೆರಿಕದಲ್ಲಿ ಈ ಪಾಠ ಕಷ್ಟಪಟ್ಟು ಕಲಿತದ್ದು. 1919ರಲ್ಲಿ ಅಧ್ಯಕ್ಷ ವಿಲ್ಸನ್‌ಗೆ ಪಾರ್ಶ್ವವಾಯು ಬಡಿದಾಗ ತಿಂಗಳುಗಟ್ಟಲೆ ಯಾರನ್ನು ಒಳಗೆ ಬಿಡಬೇಕು, ಯಾವ ಕಾಗದ ತೋರಿಸಬೇಕು ಎಂಬುದನ್ನು ಹೆಂಡತಿ ತೀರ್ಮಾನಿಸಿದರು. 1967ರ 25ನೇ ತಿದ್ದುಪಡಿ ಅಧಿಕಾರ ಹಸ್ತಾಂತರಕ್ಕೆ ದಾರಿ ಮಾಡಿತು. 2021ರಲ್ಲಿ ಕರುಳಿನ ಪರೀಕ್ಷೆಗೆ ಅರಿವಳಿಕೆ ಪಡೆದಾಗ ಬೈಡನ್ ಪತ್ರ ಬರೆದು ಅಧಿಕಾರವನ್ನು ಕಮಲಾ ಹ್ಯಾರಿಸ್‌ಗೆ ಒಪ್ಪಿಸಿದರು, ಒಂದೂವರೆ ಗಂಟೆಯೊಳಗೆ ವಾಪಸ್ ಪಡೆದರು. ಆದರೂ ಅಲ್ಲೂ ಎಡವುತ್ತಾರೆ. 2024ರ ಜನವರಿ 1ರಂದು ರಕ್ಷಣಾ ಕಾರ್ಯದರ್ಶಿ (ನಮ್ಮ ರಕ್ಷಣಾ ಸಚಿವರಿಗೆ ಸಮಾನ ಹುದ್ದೆ) ಲಾಯ್ಡ್ ಆಸ್ಟಿನ್ ಕ್ಯಾನ್ಸರ್ ಚಿಕಿತ್ಸೆಯ ನಂತರದ ತೊಡಕಿನಿಂದ ಆಸ್ಪತ್ರೆ ಸೇರಿದರು. ಅಧ್ಯಕ್ಷರಿಗೇ ಗೊತ್ತಾದದ್ದು 4ರಂದು. ಆಸ್ಟಿನ್ ಅವರ ಅಧಿಕಾರ ಹೊತ್ತ ಉಪಕಾರ್ಯದರ್ಶಿಗೆ ಯಾಕೆ ಹೊತ್ತಿದ್ದೇನೆ ಎಂದೇ ತಿಳಿಸಿರಲಿಲ್ಲ. ತಮ್ಮ ಕ್ಯಾನ್ಸರನ್ನು ಮುಚ್ಚಿಡುವ ಆಸೆ ಯಾರಿಗೂ ಅರ್ಥವಾಗುವಂಥದ್ದು. ಕುರ್ಚಿ ಖಾಲಿಯಿದೆ ಎಂಬುದನ್ನು ಮುಚ್ಚಿಟ್ಟದ್ದಕ್ಕೆ ಅವರು ಕ್ಷಮೆ ಕೇಳಬೇಕಾಯಿತು.

ನಮ್ಮಲ್ಲಿ ಕನಿಷ್ಠ ಇಷ್ಟಾದರೂ ಬೇಕು: ಮುಖ್ಯಮಂತ್ರಿಯೋ ಪ್ರಧಾನಿಯೋ ಇಂತಿಷ್ಟು ದಿನ ಕೆಲಸ ಮಾಡಲಾರದ ಸ್ಥಿತಿಯಲ್ಲಿದ್ದರೆ ಸಂಪುಟ ಅದನ್ನು ಲಿಖಿತವಾಗಿ ಪ್ರಕಟಿಸಬೇಕು, ಹಂಗಾಮಿ ಹೆಸರು ಅದರಲ್ಲಿರಬೇಕು. ರೋಗದ ಹೆಸರು ಬೇಕಿಲ್ಲ.

ನಾಮಪತ್ರದ ಜೊತೆಗೇ ವೈದ್ಯಕೀಯ ಪ್ರಮಾಣಪತ್ರ ಕೇಳಬಾರದೇಕೆ? ಸರ್ಕಾರಿ ಕೆಲಸಕ್ಕೆ ಸೇರುವ ಗುಮಾಸ್ತನಿಗೂ ಕೇಳುತ್ತಾರಲ್ಲ?

ಒಳ್ಳೆಯ ಪ್ರಶ್ನೆ, ಆದರೆ ನಾನು ಒಪ್ಪುವುದಿಲ್ಲ. ಈಗಿನ ಅಫಿಡವಿಟ್‌ನಲ್ಲಿ ಆಸ್ತಿ, ಸಾಲ, ಓದು, ಕ್ರಿಮಿನಲ್ ಪ್ರಕರಣ ಇವೆ, ಆರೋಗ್ಯ ಇಲ್ಲ. ಸೇರಿಸಿದರೆ ಮೊದಲು ಬಲಿಯಾಗುವವರು ಎಚ್‌ಐವಿ ಇರುವವರು, ಖಿನ್ನತೆಗೆ ಮಾತ್ರೆ ನುಂಗುವವರು, ಅಂಗವೈಕಲ್ಯ ಇರುವವರು. 1972ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಥಾಮಸ್ ಈಗಲ್ಟನ್, ಹಿಂದೆಂದೋ ಖಿನ್ನತೆಗೆ ವಿದ್ಯುತ್ ಚಿಕಿತ್ಸೆ ಪಡೆದಿದ್ದರು ಎಂಬ ಒಂದೇ ಕಾರಣಕ್ಕೆ ಕಣದಿಂದ ಹಿಂದೆ ಸರಿಯಬೇಕಾಯಿತು. ಚಿಕಿತ್ಸೆ ಪಡೆದವನಿಗೆ ಶಿಕ್ಷೆ, ಪಡೆಯದೆ ಮುಚ್ಚಿಟ್ಟವನಿಗೆ ಟಿಕೆಟ್ ಎಂದಾದರೆ ನಾಯಕರು ವೈದ್ಯರ ಬಳಿಗೇ ಹೋಗುವುದಿಲ್ಲ.

ಮಂತ್ರಿಯ ಆಸ್ಪತ್ರೆ ಬಿಲ್ ಕಟ್ಟುವುದು ನಮ್ಮ ತೆರಿಗೆಯಿಂದ. ಆರ್‌ಟಿಐ ಹಾಕಬಹುದೇ?

ಹಾಕಬಹುದು, ಪೂರ್ತಿ ಸಿಗುವುದಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶರ ವೈದ್ಯಕೀಯ ವೆಚ್ಚದ ವಿವರ ಕೇಳಿದ ಅರ್ಜಿಯನ್ನು ಆ ಕೋರ್ಟೇ ತಳ್ಳಿಹಾಕಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಆರ್‌ಟಿಐನ 8(1)(ಜೆ) ಕಲಮನ್ನು ತಿದ್ದಿ ವೈಯಕ್ತಿಕ ಮಾಹಿತಿಯ ಬಾಗಿಲನ್ನು ಇನ್ನಷ್ಟು ಬಿಗಿ ಮಾಡಿದೆ. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಎನ್ನುವ 8(2) ಮಾತ್ರ ಉಳಿದಿದೆ. ನೀವು ಅರ್ಜಿ ಹಾಕುವುದಾದರೆ ರೋಗದ ಗೊಡವೆಗೆ ಹೋಗದೆ ಒಟ್ಟು ಮೊತ್ತ, ಮಂಜೂರು ಮಾಡಿದ ಆದೇಶ, ಆ ಅವಧಿಯಲ್ಲಿ ಖಾತೆ ನೋಡಿಕೊಂಡವರ ಹೆಸರು ಕೇಳಿ.

ಪಕ್ಷದ ಅಧ್ಯಕ್ಷರಿಗೂ ಇದೇ ನಿಯಮವೇ?

ಇಲ್ಲ. 2011ರ ಆಗಸ್ಟಿನಲ್ಲಿ ಸೋನಿಯಾ ಗಾಂಧಿ ವಿದೇಶದಲ್ಲಿ ಶಸ್ತ್ರಚಿಕಿತ್ಸೆಗೆ ಹೋದಾಗ ಕಾಂಗ್ರೆಸ್ ಕಾಯಿಲೆ ಏನೆಂದು ಹೇಳಲಿಲ್ಲ, ಪಕ್ಷದ ಕೆಲಸ ನೋಡಿಕೊಳ್ಳುವ ನಾಲ್ವರ ಹೆಸರು ಹೇಳಿತು. ನನ್ನ ಮಟ್ಟಿಗೆ ಅಷ್ಟು ಸಾಕಿತ್ತು.

ಟಿವಿಯಲ್ಲಿ ನೋಡಿ ‘ಇವರಿಗೆ ಇಂಥ ಕಾಯಿಲೆ’ ಎಂದು ವೈದ್ಯರು ಹೇಳುತ್ತಾರಲ್ಲ?

ಹೇಳಬಾರದು. 1964ರಲ್ಲಿ ಅಮೆರಿಕದ ಪತ್ರಿಕೆಯೊಂದು ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಬಗ್ಗೆ ಮನೋವೈದ್ಯರ ಅಭಿಪ್ರಾಯ ಕೇಳಿತು. ಪರೀಕ್ಷೆಯೇ ಮಾಡದೆ ಸಾವಿರಕ್ಕೂ ಹೆಚ್ಚು ಮಂದಿ ಅನರ್ಹ ಎಂದರು. ಗೋಲ್ಡ್‌ವಾಟರ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. ತಾನು ಪರೀಕ್ಷಿಸದ ವ್ಯಕ್ತಿಯ ಬಗ್ಗೆ ಮಾತಾಡಬಾರದೆಂದು ಅಲ್ಲಿನ ಮನೋವೈದ್ಯರ ಸಂಘ 1973ರಲ್ಲಿ ನಿಯಮ ಮಾಡಿತು.

ನಮ್ಮಲ್ಲಿ ಈ ಕೆಲಸವನ್ನು ಎದುರಾಳಿಗಳೂ ಮಾಡುತ್ತಾರೆ. 2024ರ ಚುನಾವಣೆಯಲ್ಲಿ ಒಡಿಶಾದ ನವೀನ್ ಪಟ್ನಾಯಕ್ ಅವರ ನಡುಗುವ ಕೈಯ ವಿಡಿಯೊ ಊರೂರು ಸುತ್ತಿತು, ಅವರ ಆರೋಗ್ಯ ಹದಗೆಟ್ಟದ್ದರ ಬಗ್ಗೆ ತನಿಖಾ ಸಮಿತಿ ಮಾಡುತ್ತೇವೆ ಎಂದು ಪ್ರಧಾನಿಯೇ ಬಾರಿಪದದ ಸಭೆಯಲ್ಲಿ ಹೇಳಿದರು. ಅಧಿಕಾರ ಯಾರು ನಡೆಸುತ್ತಿದ್ದಾರೆ ಎಂದು ಕೇಳುವುದು ನ್ಯಾಯ. ಎಪ್ಪತ್ತೇಳು ವರ್ಷದ ಹಿರಿಯರ ಕೈ ನಡುಗುವುದನ್ನು ದೊಡ್ಡದು ಮಾಡಿ ಹಂಚುವುದು ಯಾವ ಹಕ್ಕಿನ ಮಾತೂ ಅಲ್ಲ.

ಮಾನಸಿಕ ಕಾಯಿಲೆಯಾದರೆ?

ರಕ್ಷಣೆ ಇನ್ನೂ ಬಿಗಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಚಿಕಿತ್ಸೆಯಲ್ಲಿರುವವರ ಫೋಟೊ, ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ರಾಜಕಾರಣಿಗೆ ವಿನಾಯಿತಿ ಇಲ್ಲ.

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ದೊಡ್ಡವರೊಬ್ಬರ ಕೇಸ್ ಶೀಟ್ ಕೈಗೆ ಸಿಕ್ಕಿದೆ, ಅವರು ಜನರಿಗೆ ಸುಳ್ಳು ಹೇಳುತ್ತಿದ್ದಾರೆ. ಏನು ಮಾಡಲಿ?

ಫೋಟೊ ತೆಗೆಯಬೇಡಿ, ಪರಿಚಯದ ಪತ್ರಕರ್ತರಿಗೆ ಕಳಿಸಬೇಡಿ, ಮನೆಯಲ್ಲೂ ಹೇಳಬೇಡಿ. ಚಿಕಿತ್ಸೆಗೆ ನೀವು ಬೇಕಿಲ್ಲದಿದ್ದರೆ ಆ ಕಡತ ತೆರೆಯುವುದೇ ತಪ್ಪು. ಅದೇ ವಾರ್ಡಿನ ಪಕ್ಕದ ಹಾಸಿಗೆಯಲ್ಲಿ ಕ್ಷಯದ ಗುಳಿಗೆ ನುಂಗುತ್ತಿರುವ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು, ತನ್ನ ವಿಷಯ ಕಾರ್ಖಾನೆಗೆ ತಿಳಿಯುವುದಿಲ್ಲ ಎಂದು ನಂಬಿ ನಿಮ್ಮಲ್ಲಿಗೆ ಬಂದಿದ್ದಾಳೆ. ಮಂತ್ರಿಯ ಕಡತವೇ ಸೋರುವ ಆಸ್ಪತ್ರೆಯಲ್ಲಿ ಅವಳ ಗುಟ್ಟು ಉಳಿಯುತ್ತದೆ ಎಂದು ಅವಳು ಹೇಗೆ ನಂಬಬೇಕು?

ಸುಳ್ಳು ಬುಲೆಟಿನ್‌ಗೆ ಸಹಿ ಹಾಕಲು ನಿಮ್ಮನ್ನೇ ಕೇಳಿದರೆ ಹಾಕಬೇಡಿ, ನಿರಾಕರಿಸಿದ್ದನ್ನು ಬರವಣಿಗೆಯಲ್ಲಿ ಇಡಿ. ಕೋರ್ಟೋ ವಿಚಾರಣಾ ಆಯೋಗವೋ ಕಾನೂನಿನ ಪ್ರಕಾರ ಕರೆದು ಕೇಳಿದರೆ ಆಗ ಸತ್ಯ ಹೇಳಿ.